ನಿತ್ಯದ ಪಯಣಕ್ಕೆ ಎಷ್ಟು ಅಶ್ವಶಕ್ತಿ ಬೇಕು?

ಬೆಳಗ್ಗೆ ಒಂಬತ್ತು ಗಂಟೆಯ ವೇಳೆಗೆ ಬೆಂಗಳೂರಿನ ಯಾವುದಾದರೊಂದು ದೊಡ್ಡ ಕೂಡುರಸ್ತೆಯ ಬಳಿ ನಿಂತು, ಕೆಂಪು ದೀಪದ ಮುಂದೆ ಸಾಲುಗಟ್ಟಿರುವ ಮೋಟಾರುಗಳನ್ನು ನೋಡಿದರೆ ಒಂದು ಸಂಗತಿ ಮನಸ್ಸಿಗೆ ಬಾರದಿರದು. ಗಾಡಿಗಳು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿವೆ, ಅಗಲವಾಗುತ್ತಿವೆ, ಭಾರವಾಗುತ್ತಿವೆ. ಒಳಗೆ ಕುಳಿತವರ ಸಂಖ್ಯೆ ಮಾತ್ರ ಬೆಳೆದಿಲ್ಲ. ಏಳು ಆಸನಗಳ ಗಾಡಿಯಲ್ಲಿ ಚಾಲಕನೊಬ್ಬನೇ ಕುಳಿತು ಕಚೇರಿಗೆ ಹೋಗುತ್ತಿರುವುದು ಸಾಮಾನ್ಯ ದೃಶ್ಯವಾಗಿದೆ. ಜೀಪಿನ ಕುಲಕ್ಕೆ ಸೇರಿದ ಈ ಎತ್ತರದ ಗಾಡಿಗಳನ್ನು ಜನರು ‘ಎಸ್‌ಯುವಿ’ ಎಂದು ಕರೆಯುತ್ತಾರೆ. 2023-24ರಲ್ಲಿ ನಮ್ಮ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ಮೋಟಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ವರ್ಗದ್ದೇ.

ಈ ವಿಷಯವನ್ನು ಕುರಿತು ಬರೆಯಲು ನಮಗೊಂದು ಸ್ವಂತ ಕಾರಣವೂ ಉಂಟು. ನಮ್ಮ ಮನೆಯ ಹಳೆಯ ಕಾರಿಗೆ ಹದಿನೈದು ವರ್ಷ ತುಂಬಿತು; ಹೊಸದನ್ನು ಕೊಳ್ಳಬೇಕು. ತಮ್ಮನು ದೊಡ್ಡ ಗಾಡಿಯೇ ಆಗಬೇಕೆಂದು ಪಟ್ಟು ಹಿಡಿದಿದ್ದಾನೆ. ಅವನ ವಾದಗಳು ಮೂರು: ಊರಿಗೆ ಹೋಗುವಾಗ ಘಾಟಿ ಹತ್ತಬೇಕು, ತಂದೆಯವರಿಗೆ ಮಂಡಿನೋವು, ತಗ್ಗಿನ ಆಸನದಿಂದ ಏಳಲಾರರು, ಎಲ್ಲಕ್ಕಿಂತ ಮಿಗಿಲಾಗಿ, ಅವನ ಮಗುವಿನ ಸುರಕ್ಷತೆ. ಇವು ಹಗುರಾದ ವಾದಗಳಲ್ಲ. ಭೌತಶಾಸ್ತ್ರವನ್ನು ಕಲಿಸುವ ನಾವು ಇವನ್ನು ಲೆಕ್ಕಕ್ಕೆ ಒಡ್ಡಿ ನೋಡದಿದ್ದರೆ ನ್ಯಾಯವಾಗದು. ಪ್ರೌಢಶಾಲೆಯ ಚಲನಶಾಸ್ತ್ರವಷ್ಟೇ ಇದಕ್ಕೆ ಸಾಕು.

ಲೆಕ್ಕಕ್ಕಾಗಿ ಎರಡು ಗಾಡಿಗಳನ್ನು ಕಲ್ಪಿಸಿಕೊಳ್ಳೋಣ. ಚಾಲಕನೂ ಸೇರಿ ಚಿಕ್ಕದರ ರಾಶಿ 900 ಕಿಲೋಗ್ರಾಂ, ದೊಡ್ಡದರದು 2,100 ಕಿಲೋಗ್ರಾಂ. ಇವು ಉತ್ಪ್ರೇಕ್ಷೆಯ ಸಂಖ್ಯೆಗಳಲ್ಲ. ಪೇಟೆಯಲ್ಲಿ ದೊರೆಯುವ ಗಾಡಿಗಳಿಗೆ ಹತ್ತಿರವಾದವೇ. (ವಾಚಕರು ತಮ್ಮ ಮನೆಯ ಗಾಡಿಯ ನೋಂದಣಿ ಪತ್ರವನ್ನು ತೆಗೆದು ನೋಡಬಹುದು, ಖಾಲಿ ಗಾಡಿಯ ತೂಕ ಅದರಲ್ಲಿ ನಮೂದಾಗಿರುತ್ತದೆ. ಎತ್ತರವಾಗಿ ಕಂಡ ಗಾಡಿಯೆಲ್ಲ ಭಾರವಾದುದಲ್ಲ ಎಂಬುದೂ ಆಗ ತಿಳಿಯುವುದು.)

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಿಂದ ಸಾಗುವ ಗಾಡಿಯನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಒಂದು, ಗಾಲಿಗಳ ಉರುಳು ಘರ್ಷಣೆ. ಗಾಳಿ ತುಂಬಿದ ಟೈರು ನೆಲಕ್ಕೆ ತಾಗಿದಲ್ಲಿ ಚಪ್ಪಟೆಯಾಗಿ, ಮುಂದಕ್ಕೆ ಉರುಳಿದೊಡನೆ ಮತ್ತೆ ದುಂಡಗಾಗುತ್ತದೆ. ಈ ಹಿಸುಕಾಟದಲ್ಲಿ ಸ್ವಲ್ಪ ಶಕ್ತಿ ಉಷ್ಣವಾಗಿ ಹೋಗುವುದು. ಈ ಬಲವು ಗಾಡಿಯ ತೂಕಕ್ಕೆ ನೇರ ಅನುಪಾತದಲ್ಲಿದೆ. ಗುಣಾಂಕವನ್ನು 0.012 ಎಂದು ಹಿಡಿದರೆ ಚಿಕ್ಕ ಗಾಡಿಗೆ 106 ನ್ಯೂಟನ್, ದೊಡ್ಡದಕ್ಕೆ 247 ನ್ಯೂಟನ್ ಆಗುವುದು. ಇನ್ನೊಂದು, ವಾಯುವಿನ ಪ್ರತಿರೋಧ. ಇದು ಗಾಡಿಯ ಮುಖದ ವಿಸ್ತಾರವನ್ನೂ ಆಕಾರವನ್ನೂ ಅವಲಂಬಿಸಿ, ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 36 ಕಿಲೋಮೀಟರು, ಎಂದರೆ ಸೆಕೆಂಡಿಗೆ 10 ಮೀಟರು ವೇಗದಲ್ಲಿ ಚಿಕ್ಕದಕ್ಕೆ ಸುಮಾರು 38, ದೊಡ್ಡದಕ್ಕೆ ಸುಮಾರು 62 ನ್ಯೂಟನ್.

ಬಲವನ್ನು ವೇಗದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ದೊರೆಯುವುದಷ್ಟೆ. ಚಿಕ್ಕ ಗಾಡಿಗೆ 1,440 ವಾಟ್. ಒಂದು ಅಶ್ವಶಕ್ತಿಗೆ 746 ವಾಟ್ ಆದುದರಿಂದ ಇದು ಎರಡು ಅಶ್ವಶಕ್ತಿಗೂ ಒಂದು ಕೂದಲೆಳೆ ಕಡಮೆ. ದೊಡ್ಡದಕ್ಕೆ ನಾಲ್ಕು ಅಶ್ವಶಕ್ತಿ ಮಾತ್ರ! ತೋಟದ ಬಾವಿಯ ಮೇಲೆ ಕೂರಿಸುವ ಐದು ಅಶ್ವಶಕ್ತಿಯ ಪಂಪ್‌ಸೆಟ್ಟು ನಗರದ ವೇಗದಲ್ಲಿ ಈ ಭಾರೀ ಗಾಡಿಯನ್ನು ಓಡಿಸಬಲ್ಲುದು. ಹೀಗಿರಲು ಅದರ ಮುಂಭಾಗದಲ್ಲಿ ನೂರೈವತ್ತು, ಇನ್ನೂರು ಅಶ್ವಶಕ್ತಿಯ ಎಂಜಿನು ಏಕಿದೆ? ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿಸಿದಾಗಲೆಲ್ಲ ವಿದ್ಯಾರ್ಥಿಗಳು ಎಲ್ಲೋ ಸೊನ್ನೆಯೊಂದು ತಪ್ಪಿತೆಂದು ಹಿಂದಿರುಗಿ ನೋಡುತ್ತಾರೆ. ಸೊನ್ನೆ ತಪ್ಪಿಲ್ಲ.

ಉತ್ತರವು ಜಡತ್ವದಲ್ಲಿದೆ. ನಿಂತ ಗಾಡಿಯನ್ನು ಐದು ಸೆಕೆಂಡಿನಲ್ಲಿ ಸೆಕೆಂಡಿಗೆ 10 ಮೀಟರು ವೇಗಕ್ಕೆ ತರಬೇಕಾದರೆ ವೇಗೋತ್ಕರ್ಷವು 2 ಆಗುವುದು. ನ್ಯೂಟನ್ನನ ಎರಡನೆಯ ನಿಯಮದ ಪ್ರಕಾರ ಚಿಕ್ಕದಕ್ಕೆ 1,800, ದೊಡ್ಡದಕ್ಕೆ 4,200 ನ್ಯೂಟನ್ ಬಲ ಬೇಕು. ಐದನೆಯ ಸೆಕೆಂಡಿನ ಕೊನೆಗೆ ಸಾಮರ್ಥ್ಯವು ಕ್ರಮವಾಗಿ 24 ಮತ್ತು 56 ಅಶ್ವಶಕ್ತಿಗೆ ಏರುತ್ತದೆ. ದೊಡ್ಡ ಎಂಜಿನು ಬೇಕಾದುದು ಒಳಗಿನ ಮನುಷ್ಯನಿಗಾಗಿ ಅಲ್ಲ, ದೊಡ್ಡ ದೇಹವನ್ನು ಎಬ್ಬಿಸುವುದಕ್ಕಾಗಿ ಎಂಬುದನ್ನು ಇಲ್ಲಿ ಗಮನಿಸಬೇಕು. ದೇಹ ದೊಡ್ಡದಾದರೆ ಎಂಜಿನು ದೊಡ್ಡದಾಗಬೇಕು. ಎಂಜಿನು ದೊಡ್ಡದಾದರೆ ಅದನ್ನು ಹೊರುವ ಚೌಕಟ್ಟು, ಬ್ರೇಕು, ಟೈರುಗಳೆಲ್ಲ ದೊಡ್ಡವಾಗಬೇಕು. ಭಾರವು ಭಾರವನ್ನು ಹೆರುತ್ತದೆ.

ಈಗ ನಮ್ಮ ನಿತ್ಯದ ಹಾದಿಗೆ ಬರೋಣ. ಮನೆಯಿಂದ ಕಾಲೇಜಿಗೆ ಒಂಬತ್ತು ಕಿಲೋಮೀಟರು, ಹೋಗಿಬರಲು ಹದಿನೆಂಟು. ದೀಪಗಳು, ರಸ್ತೆಯುಬ್ಬುಗಳು, ಅಡ್ಡ ಬಂದ ಆಟೋಗಳು ಎಲ್ಲವೂ ಸೇರಿ ಕಿಲೋಮೀಟರಿಗೆ ಮೂರು ಬಾರಿ ನಿಲ್ಲಬೇಕಾಗುವುದೆಂದು ಇಟ್ಟುಕೊಳ್ಳೋಣ. ಪ್ರತಿಸಲ ನಿಂತಾಗಲೂ ಗಾಡಿಯ ಚಲನಶಕ್ತಿಯೆಲ್ಲ ಬ್ರೇಕಿನಲ್ಲಿ ಉಷ್ಣವಾಗಿ ವ್ಯಯವಾಗುತ್ತದೆ. ಚಿಕ್ಕದರ ಚಲನಶಕ್ತಿ 45,000 ಜೂಲ್, ದೊಡ್ಡದರದು 1,05,000 ಜೂಲ್. ಇದಕ್ಕೆ ಉರುಳು ಘರ್ಷಣೆಯನ್ನೂ ವಾಯುವಿನ ಪ್ರತಿರೋಧವನ್ನೂ ಕೂಡಿಸಿದರೆ, ಕಿಲೋಮೀಟರಿಗೆ ಚಿಕ್ಕದು ಸುಮಾರು 280 ಕಿಲೋಜೂಲನ್ನೂ ದೊಡ್ಡದು ಸುಮಾರು 625 ಕಿಲೋಜೂಲನ್ನೂ ಬೇಡುವುದು. ಎರಡರಲ್ಲಿಯೂ ಅತಿ ದೊಡ್ಡ ಪಾಲು ನಿಲ್ಲುವುದರಲ್ಲಿಯೇ ಹೋಯಿತು ಎಂಬುದು ವಿನೋದದ ಸಂಗತಿ. ಬೆಂಗಳೂರಿನಲ್ಲಿ ನಾವು ಪೆಟ್ರೋಲನ್ನು ಸುಡುವುದು ಹೋಗುವುದಕ್ಕಿಂತ ಹೆಚ್ಚಾಗಿ ನಿಲ್ಲುವುದಕ್ಕೆ.

ಈಗ ದೊರೆಯುವ ಎಥನಾಲು ಬೆರೆತ ಪೆಟ್ರೋಲಿನ ಒಂದು ಲೀಟರಿನಲ್ಲಿ ಸುಮಾರು 30 ಮೆಗಾಜೂಲ್ ಶಕ್ತಿಯಿದೆ. ಆದರೆ ನಗರದ ಸಂಚಾರದಲ್ಲಿ ಅದರ ನೂರರಲ್ಲಿ ಹದಿನೈದು ಪಾಲು ಗಾಲಿಗೆ ತಲುಪಿದರೆ ಹೆಚ್ಚು. ಉಳಿದುದು ಹೊಗೆಕೊಳವೆಯಲ್ಲಿಯೂ ರೇಡಿಯೇಟರಿನಲ್ಲಿಯೂ ನಿಂತಲ್ಲೇ ಗುರುಗುಟ್ಟುವುದರಲ್ಲಿಯೂ ಕಳೆಯುವುದು. ಹೀಗೆ ಹದಿನೆಂಟು ಕಿಲೋಮೀಟರಿಗೆ ಚಿಕ್ಕ ಗಾಡಿ 1.1 ಲೀಟರನ್ನೂ ದೊಡ್ಡದು 2.5 ಲೀಟರನ್ನೂ ಕುಡಿಯುವುದು. ವರ್ಷಕ್ಕೆ 250 ದಿನ ಕೆಲಸವೆಂದರೆ ವ್ಯತ್ಯಾಸ 350 ಲೀಟರು. ಸುಟ್ಟ ಪ್ರತಿ ಲೀಟರೂ ಗಾಳಿಯ ಆಮ್ಲಜನಕದೊಡನೆ ಸೇರಿ ಎರಡು ಕಿಲೋಗ್ರಾಮಿಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡನ್ನು ಕೊಡುವುದು. ಕಚ್ಚಾ ಎಣ್ಣೆಯ ನೂರರಲ್ಲಿ ಎಂಬತ್ತೈದಕ್ಕಿಂತ ಹೆಚ್ಚು ಪಾಲನ್ನು ಹೊರದೇಶಗಳಿಂದ ತರಿಸುವ ನಮ್ಮಂಥ ದೇಶಕ್ಕೆ ಇದು ಬರಿಯ ಮನೆಲೆಕ್ಕವಲ್ಲ.

ಇನ್ನೊಂದು ರೀತಿಯಿಂದಲೂ ನೋಡಬಹುದು. 60 ಕಿಲೋಗ್ರಾಂ ತೂಗುವ ಚಾಲಕನು ಚಿಕ್ಕ ಗಾಡಿಯ ಒಟ್ಟು ರಾಶಿಯಲ್ಲಿ ಹದಿನೈದನೆಯ ಒಂದು ಪಾಲು. ಗಾಲಿಗೆ ಮುಟ್ಟಿದ ಹದಿನೈದು ಪಾಲಿನಲ್ಲಿ ಅವನ ಪಾಲಿಗೆ ಬಂದುದು ಒಂದೇ ಒಂದು. ಸ್ಥೂಲವಾಗಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲಿನಲ್ಲಿ 10 ಮಿಲಿಲೀಟರು ಮಾತ್ರ ಮನುಷ್ಯನನ್ನು ಸಾಗಿಸಿತು; ಮಿಕ್ಕ 990 ಕಬ್ಬಿಣವನ್ನು ಸಾಗಿಸಿತು, ಇಲ್ಲವೆ ಗಾಳಿಯನ್ನು ಕಾಯಿಸಿತು. ದೊಡ್ಡ ಗಾಡಿಯಲ್ಲಿ ಮನುಷ್ಯನ ಪಾಲು ಒಂದು ಚಹದ ಚಮಚೆಯಷ್ಟೂ ಇಲ್ಲ.

ದೊಡ್ಡ ಪೆಟ್ರೋಲು ಎಂಜಿನಿಗೆ ಮತ್ತೊಂದು ದೋಷವುಂಟು. ಅದರೊಳಕ್ಕೆ ಹೋಗುವ ಗಾಳಿಯನ್ನು ಥ್ರಾಟಲ್ ಎಂಬ ಕವಾಟವು ಹತೋಟಿಯಲ್ಲಿಡುತ್ತದೆ. ಅಲ್ಪ ಸಾಮರ್ಥ್ಯ ಸಾಕಾದಾಗ ಈ ಕವಾಟವು ಬಹುಮಟ್ಟಿಗೆ ಮುಚ್ಚಿರುವುದರಿಂದ, ಪಿಸ್ಟನ್ನುಗಳು ಇಕ್ಕಟ್ಟಾದ ಸಂದಿಯ ಮೂಲಕ ಗಾಳಿಯನ್ನು ಹೀರಲು ಪ್ರಯಾಸಪಡಬೇಕಾಗುತ್ತದೆ. ಮೂಗನ್ನು ಅರ್ಧ ಹಿಡಿದುಕೊಂಡು ಉಸಿರೆಳೆದು ನೋಡಿದರೆ ಈ ಪ್ರಯಾಸದ ಅನುಭವವಾಗುವುದು. ಒಂದು ಸೇರು ರಾಗಿಗಾಗಿ ಇಡೀ ಗಿರಣಿಯನ್ನು ಓಡಿಸಿದಂತೆ, ಇನ್ನೂರು ಅಶ್ವಶಕ್ತಿಯ ಎಂಜಿನಿನಿಂದ ನಾಲ್ಕು ಅಶ್ವಶಕ್ತಿಯನ್ನು ಪಡೆಯುವುದು ದುಬಾರಿಯ ಕೆಲಸ. ಡೀಸೆಲ್ ಎಂಜಿನಿನಲ್ಲಿ ಈ ತೊಂದರೆ ಬಹಳ ಕಡಮೆ. ಭಾರೀ ಗಾಡಿಗಳಿಗೆ ಅದನ್ನು ಜೋಡಿಸಿದುದಕ್ಕೆ ಇದೂ ಒಂದು ಕಾರಣ.

ವಿದ್ಯುತ್ ಗಾಡಿಯಲ್ಲಾದರೆ ಬ್ರೇಕು ಹಾಕಿದಾಗ ಮೋಟಾರೇ ಡೈನಮೋ ಆಗಿ ಚಲನಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಹೀಗೆಂದು ಭಾರಕ್ಕೆ ಕ್ಷಮೆ ದೊರೆಯಿತೆಂದು ತಿಳಿಯಬಾರದು. ಉರುಳು ಘರ್ಷಣೆ ಅಲ್ಲಿಯೂ ತೂಕವನ್ನೇ ಕೇಳುತ್ತದೆ. ಅಮೆರಿಕದ ವಿದ್ಯುತ್ ಹಮ್ಮರ್ ಗಾಡಿಯ ಬ್ಯಾಟರಿಯೊಂದೇ ಸುಮಾರು 1,300 ಕಿಲೋಗ್ರಾಂ ತೂಗುವುದು. 1983ರಲ್ಲಿ ನಮ್ಮ ದೇಶದಲ್ಲಿ ಹೊರಬಂದ ಮಾರುತಿ 800 ಇಡೀ ಕಾರಾಗಿ ಸುಮಾರು 650 ಕಿಲೋಗ್ರಾಂ ತೂಗುತ್ತಿತ್ತು. ಒಂದು ಬ್ಯಾಟರಿಯಲ್ಲಿ ಎರಡು ಕಾರುಗಳ ಭಾರ!

ಅಮೆರಿಕದ ಮಾತು ಬಂದುದರಿಂದ, ಈ ಗಾಡಿಗಳ ತವರಾದ ಆ ದೇಶದ ಕಥೆಯನ್ನು ಸ್ವಲ್ಪದರಲ್ಲಿ ಹೇಳುವುದು ಉಚಿತ. 1973ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದಾಗ ಅಲ್ಲಿನ ಪೆಟ್ರೋಲು ಬಂಕುಗಳ ಮುಂದೆ ಉದ್ದುದ್ದ ಸಾಲುಗಳು ನಿಂತವು. 1975ರಲ್ಲಿ ಒಂದು ಶಾಸನ ಬಂದಿತು: 1985ರ ವೇಳೆಗೆ ಕಾರುಗಳು ಗ್ಯಾಲನ್ನಿಗೆ ಸರಾಸರಿ 27.5 ಮೈಲಿ, ಎಂದರೆ ಲೀಟರಿಗೆ ಸುಮಾರು 11.7 ಕಿಲೋಮೀಟರು ಓಡತಕ್ಕದ್ದು. ದುಡಿಯುವ ಗಾಡಿಗಳೆಂಬ ಕಾರಣದಿಂದ ಲಘು ಟ್ರಕ್ಕುಗಳಿಗೆ ಇದಕ್ಕಿಂತ ಸಡಿಲವಾದ ಮಿತಿ ಗೊತ್ತಾಯಿತು. ತಯಾರಕರಿಗೆ ಅಷ್ಟೇ ಸಾಕಾಯಿತು. ಟ್ರಕ್ಕಿನ ಚೌಕಟ್ಟಿನ ಮೇಲೆ ಮೆತ್ತನೆಯ ಆಸನಗಳನ್ನು ಕೂರಿಸಿ, ಹುಲ್ಲಿನ ಹೊರೆಯನ್ನೇ ಕಾಣದ ಪಟ್ಟಣಿಗರಿಗೆ ಮಾರತೊಡಗಿದರು. ಕಾನೂನಿನ ಕಣ್ಣಿಗೆ ಅವು ಟ್ರಕ್ಕುಗಳೇ ಆಗಿ ಉಳಿದವು. 2018ರಲ್ಲಿ ಫೋರ್ಡ್ ಕಂಪನಿಯು ಆ ದೇಶದಲ್ಲಿ ಸಾಮಾನ್ಯ ಕಾರುಗಳ ಮಾರಾಟವನ್ನು ಬಹುಪಾಲು ನಿಲ್ಲಿಸುವುದಾಗಿ ಸಾರಿತು. ಕೊಳ್ಳುವವನ ‘ಅಗತ್ಯ’ವೆಂಬುದು ಎಷ್ಟೋ ಸಲ ಅವನ ಮನೆಯಲ್ಲಿ ಅಲ್ಲ, ಶಾಸನದ ಒಂದು ಸಂದಿಯಲ್ಲಿ ಹುಟ್ಟಿರುತ್ತದೆ. ನಮ್ಮಲ್ಲಿ 2006ರ ಮುಂಗಡಪತ್ರವು ನಾಲ್ಕು ಮೀಟರಿಗಿಂತ ಗಿಡ್ಡವಾದ, ಸಣ್ಣ ಎಂಜಿನಿನ ಕಾರುಗಳಿಗೆ ಸುಂಕವನ್ನು ಇಳಿಸಿತು. ಜೀಪಿನ ನಿಲುವಿನ, ಆದರೆ ನಾಲ್ಕು ಮೀಟರಿನೊಳಗೆ ಮುದುಡಿಕೊಂಡ ಗಾಡಿಗಳು ನಮ್ಮ ರಸ್ತೆಗಳಲ್ಲಿ ತುಂಬಿರುವುದರ ಹಿಂದೆ ಆ ನಿಯಮದ ನೆರಳಿದೆ.

ಕೊಳ್ಳುವವರನ್ನು ದಾರಿ ತಪ್ಪಿಸುವ ಇನ್ನೊಂದು ಸಂಗತಿ ಲೆಕ್ಕದ್ದೇ. “ಲೀಟರಿಗೆ ಎಷ್ಟು ಕೊಡುತ್ತದೆ?” ಎಂದು ನಾವೆಲ್ಲರೂ ಕೇಳುತ್ತೇವೆ. ಒಬ್ಬನು ಲೀಟರಿಗೆ 20 ಕಿಲೋಮೀಟರು ಓಡುವ ಗಾಡಿಯನ್ನು ಬಿಟ್ಟು 25 ಓಡುವುದನ್ನು ಕೊಂಡ. ಇನ್ನೊಬ್ಬನು 8 ಓಡುವುದನ್ನು ಬಿಟ್ಟು 10 ಓಡುವುದನ್ನು ಕೊಂಡ. ಹೆಚ್ಚು ಪೆಟ್ರೋಲನ್ನು ಉಳಿಸಿದವರು ಯಾರು? ಮೊದಲನೆಯವನೆಂದು ಥಟ್ಟನೆ ಹೇಳುವುದು ಸಹಜ. ಆದರೆ ಸಾವಿರ ಕಿಲೋಮೀಟರಿಗೆ ಮೊದಲನೆಯವನ ಖರ್ಚು 50 ಲೀಟರಿನಿಂದ 40ಕ್ಕೆ ಇಳಿಯಿತು. ಎರಡನೆಯವನದು 125ರಿಂದ 100ಕ್ಕೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಎಂಬವರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಭ್ರಮೆಯನ್ನು ಎತ್ತಿ ತೋರಿಸಿದರು. ಸಾವಿರ ಕಿಲೋಮೀಟರಿಗೆ ಎಷ್ಟು ಲೀಟರು ಎಂದು ಕೇಳುವ ಅಭ್ಯಾಸವಾದರೆ ದೊಡ್ಡ ಗಾಡಿಯ ಹಸಿವು ನೇರವಾಗಿ ಕಣ್ಣಿಗೆ ಬೀಳುವುದು.

ಇನ್ನು ತಮ್ಮನ ವಾದಗಳು. ಘಾಟಿಯನ್ನು ಮೊದಲು ನೋಡೋಣ. ಐದು ಜನರೂ ಗಂಟುಮೂಟೆಯೂ ಸೇರಿ ಚಿಕ್ಕ ಗಾಡಿ 1,250 ಕಿಲೋಗ್ರಾಂ ಆಯಿತೆನ್ನೋಣ. ಹತ್ತು ಮೀಟರಿಗೆ ಒಂದು ಮೀಟರು ಏರುವ ಕಡಿದಾದ ದಾರಿಯಲ್ಲಿ ಗಂಟೆಗೆ 36 ಕಿಲೋಮೀಟರು ವೇಗದಿಂದ ಹತ್ತಲು, ಮೇಲಕ್ಕೆ ಎತ್ತುವ ಕೆಲಸಕ್ಕೆ ಸುಮಾರು ಹದಿನಾರೂವರೆ, ಉಳಿದ ಪ್ರತಿರೋಧಗಳಿಗೆ ಎರಡೂವರೆ, ಒಟ್ಟು ಸುಮಾರು ಹತ್ತೊಂಬತ್ತು ಅಶ್ವಶಕ್ತಿ ಸಾಕು. ಈಗಿನ ಚಿಕ್ಕ ಕಾರಿನಲ್ಲಿ ಅರುವತ್ತಕ್ಕೂ ಮೇಲ್ಪಟ್ಟು ಇರುತ್ತದೆ. ನಲವತ್ತು ಅಶ್ವಶಕ್ತಿಯೂ ಇಲ್ಲದ ಮಾರುತಿ 800 ಮೂರು ದಶಕಗಳ ಕಾಲ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತಿ ಇಳಿದುದನ್ನು ಹಿರಿಯ ವಾಚಕರು ಬಲ್ಲರು. ಇಕ್ಕಟ್ಟಾದ ತಿರುವಿನಲ್ಲಿ ಗಾಡಿ ಗಿಡ್ಡವಾಗಿದ್ದಷ್ಟೂ ಅನುಕೂಲ. ತಂದೆಯವರ ಮಂಡಿಯ ವಿಷಯದಲ್ಲಿ ತಮ್ಮನ ಮಾತು ನಿಜ. ಆದರೆ ಮಂಡಿಗೆ ಬೇಕಾದುದು ಆಸನದ ಎತ್ತರವೇ ಹೊರತು ಗಾಡಿಯ ತೂಕವಲ್ಲ. ಎತ್ತರದ ಆಸನವುಳ್ಳ ಚಿಕ್ಕ ಕಾರುಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಕಾಫಿತೋಟದ ಕೆಸರುದಾರಿಯಲ್ಲಿ ದಿನವೂ ಗೊಬ್ಬರ ಸಾಗಿಸುವವನಿಗೆ, ನಿತ್ಯವೂ ಏಳೆಂಟು ಮಂದಿ ಒಟ್ಟಿಗೆ ಹೋಗುವ ಕುಟುಂಬಕ್ಕೆ ದೊಡ್ಡ ಗಾಡಿ ನಿಜವಾಗಿಯೂ ಬೇಕು. ವರ್ಷಕ್ಕೆರಡು ಸಲ ಧರ್ಮಸ್ಥಳಕ್ಕೆ ಹೋಗುವವರು ಆ ಎರಡು ಸಲ ಬಾಡಿಗೆಗೆ ಹಿಡಿಯಬಹುದು.

ಸುರಕ್ಷತೆಯ ವಾದವೇ ಕಠಿಣವಾದುದು; ಏಕೆಂದರೆ ಇಲ್ಲಿ ಭೌತಶಾಸ್ತ್ರವು ತಮ್ಮನ ಪಕ್ಷದಲ್ಲಿದೆ. ನಮ್ಮ ಎರಡು ಗಾಡಿಗಳೂ ಗಂಟೆಗೆ 50 ಕಿಲೋಮೀಟರು ವೇಗದಿಂದ ಎದುರುಬದುರಾಗಿ ಢಿಕ್ಕಿ ಹೊಡೆದು ಒಂದಕ್ಕೊಂದು ಸಿಕ್ಕಿಕೊಂಡವೆಂದು ಭಾವಿಸೋಣ. ಸಂವೇಗ ಸಂರಕ್ಷಣೆಯ ನಿಯಮದಂತೆ ಎರಡೂ ಸೇರಿ ದೊಡ್ಡದರ ದಿಕ್ಕಿನಲ್ಲಿ ಗಂಟೆಗೆ 20 ಕಿಲೋಮೀಟರು ವೇಗದಿಂದ ಸಾಗುವುವು. ದೊಡ್ಡದರಲ್ಲಿದ್ದವರ ವೇಗ ಕ್ಷಣಾರ್ಧದಲ್ಲಿ 30ರಷ್ಟು ಬದಲಾಯಿತು, ಚಿಕ್ಕದರಲ್ಲಿದ್ದವರದು 70ರಷ್ಟು. ದೇಹಕ್ಕೆ ತಗಲುವ ಏಟನ್ನು ನಿರ್ಧರಿಸುವುದು ಮುಖ್ಯವಾಗಿ ಈ ಬದಲಾವಣೆಯೇ. ದೊಡ್ಡ ಗಾಡಿಯಲ್ಲಿ ಮಗುವಿಗೆ ರಕ್ಷಣೆ ಹೆಚ್ಚೆಂಬುದನ್ನು ನಾವು ಅಲ್ಲಗಳೆಯಲಾರೆವು.

ಆದರೆ ಎರಡು ಬದಲಾವಣೆಗಳ ಮೊತ್ತ ನೂರಾಗಿಯೇ ಉಳಿಯಿತು ಎಂಬುದನ್ನು ನೋಡಬೇಕು. ಭಾರವು ಏಟನ್ನು ಕಡಮೆ ಮಾಡಲಿಲ್ಲ. ಅದನ್ನು ಎದುರಿನವನಿಗೆ ದಾಟಿಸಿತು. ಇಬ್ಬರೂ ದೊಡ್ಡ ಗಾಡಿಯನ್ನು ಕೊಂಡರೆ ಒಬ್ಬೊಬ್ಬರಿಗೆ 50. ಇಬ್ಬರೂ ಚಿಕ್ಕದನ್ನು ಕೊಂಡರೂ 50. ಮರಕ್ಕೋ ಸೇತುವೆಯ ಗೋಡೆಗೋ ಬಡಿದರೆ ಭಾರದಿಂದ ಲಾಭವೇ ಇಲ್ಲ. ಮೇಲಾಗಿ ನಮ್ಮ ರಸ್ತೆಗಳಲ್ಲಿ ಎದುರಿಗೆ ಬರುವವನು ಕಾರಿನವನೇ ಆಗಿರಬೇಕೆಂದಿಲ್ಲ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೂರಕ್ಕೆ ನಲವತ್ತನಾಲ್ಕು ಮಂದಿ ದ್ವಿಚಕ್ರ ವಾಹನದವರು. ಹತ್ತೊಂಬತ್ತು ಮಂದಿ ಪಾದಚಾರಿಗಳು.

ನಮ್ಮ ತಂಗಿ ದಿನವೂ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ, ತಮ್ಮನು ಹೋಗುವ ರಸ್ತೆಯಲ್ಲಿಯೇ. ಅವಳೂ ಸ್ಕೂಟರೂ ಸೇರಿ 180 ಕಿಲೋಗ್ರಾಂ. ನಿಂತಿರುವ ಸ್ಕೂಟರಿಗೆ ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಚಿಕ್ಕ ಕಾರು ಬಡಿದರೆ ಸ್ಕೂಟರಿನ ವೇಗದ ಬದಲಾವಣೆ ಸುಮಾರು 42; ದೊಡ್ಡದು ಬಡಿದರೆ 46. ವ್ಯತ್ಯಾಸ ಹೆಚ್ಚಿಲ್ಲ, ಇಷ್ಟು ಹಗುರಾದವರಿಗೆ ಎಲ್ಲ ಕಾರುಗಳೂ ಬೆಟ್ಟಗಳೇ. ಅವರ ಮಟ್ಟಿಗೆ ಮುಖ್ಯವಾದುದು ಗಾಡಿಯ ವೇಗ ಮತ್ತು ಅದರ ಮೂತಿಯ ಆಕಾರ. ತಗ್ಗಾದ ಬಾನೆಟ್ಟು ಕಾಲಿಗೆ ತಗಲಿ ಮನುಷ್ಯನನ್ನು ತನ್ನ ಮೇಲಕ್ಕೆ ಹೊರಳಿಸುತ್ತದೆ. ಎತ್ತರವಾದ ಗೋಡೆಯಂಥ ಮೂತಿ ಎದೆಗೋ ತಲೆಗೋ ನೇರವಾಗಿ ಬಡಿಯುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೆಲದಿಂದ ಒಂದು ಮೀಟರಿಗಿಂತ ಎತ್ತರದ ಬಾನೆಟ್ಟುಳ್ಳ ಗಾಡಿ ಬಡಿದಾಗ ಪಾದಚಾರಿಯು ಸಾಯುವ ಸಂಭವವು, ಮುಕ್ಕಾಲು ಮೀಟರಿಗಿಂತ ತಗ್ಗಾದ ಇಳಿಜಾರು ಮೂತಿಯ ಗಾಡಿಗಿಂತ ಸುಮಾರು ನೂರಕ್ಕೆ 45ರಷ್ಟು ಹೆಚ್ಚು. ಈ ಲೆಕ್ಕವನ್ನು ತೋರಿಸಿದ ರಾತ್ರಿ ತಮ್ಮನು ಏನನ್ನೂ ಹೇಳಲಿಲ್ಲ. ಮಾರನೆಯ ದಿನ, ಉರುಳು ಘರ್ಷಣೆಯ 0.012 ಎಂಬ ಅಂಕಿಯನ್ನು ತಾನೇಕೆ ನಂಬಬೇಕೆಂದು ಕೇಳಿದ.

ಇದು ನ್ಯಾಯವಾದ ಪ್ರಶ್ನೆ; ಅಳೆದೇ ನೋಡಬಹುದು. ಸಮತಟ್ಟಾದ, ನೇರವಾದ, ಸಂಚಾರವಿಲ್ಲದ ದಾರಿಯೊಂದು ಬೇಕು. ಪರವಾನಗಿಯುಳ್ಳ ಅನುಭವಿ ಚಾಲಕನೊಬ್ಬ ಬೇಕು. ಪಕ್ಕದ ಆಸನದಲ್ಲಿ ಗಡಿಯಾರ ಹಿಡಿದವನೊಬ್ಬ ಬೇಕು. ವೇಗವನ್ನು 45ಕ್ಕೆ ಏರಿಸಿ ಗೇರನ್ನು ನ್ಯೂಟ್ರಲ್‌ಗೆ ತರಬೇಕು. ಎಂಜಿನನ್ನು ಮಾತ್ರ ಎಂದಿಗೂ ಆರಿಸಕೂಡದು, ಬ್ರೇಕೂ ಸ್ಟಿಯರಿಂಗೂ ಬಿಗಿಯಾಗುವುವು. ಗಾಡಿ ತಾನಾಗಿ ನಿಧಾನವಾಗುತ್ತ 40ರಿಂದ 30ಕ್ಕೆ ಇಳಿಯಲು ಹಿಡಿದ ಸೆಕೆಂಡುಗಳನ್ನು ಎಣಿಸಬೇಕು. ಇಳಿಜಾರಿನ ದೋಷ ಕಳೆಯಲು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಬೇಕು. ನಮ್ಮ ಲೆಕ್ಕ ಸರಿಯಾದರೆ ಚಿಕ್ಕದಕ್ಕೆ ಹದಿನೇಳು ಹದಿನೆಂಟು, ದೊಡ್ಡದಕ್ಕೆ ಹತ್ತೊಂಬತ್ತು ಸೆಕೆಂಡುಗಳಾಗಬೇಕು. ಕಾಲಗಳು ಹತ್ತಿರ ಹತ್ತಿರವೇ ಇರುವುದನ್ನು ಕಂಡು ಎರಡೂ ಸಮವೆಂದು ಮೋಸಹೋಗಬಾರದು. ವೇಗದ ಇಳಿತವನ್ನು ಕಾಲದಿಂದ ಭಾಗಿಸಿ, ಬಂದುದನ್ನು ರಾಶಿಯಿಂದ ಗುಣಿಸಿದಾಗಲೇ ಬಲವು ಹೊರಬೀಳುವುದು. ದೊಡ್ಡ ಗಾಡಿಯನ್ನು ಅರ್ಧ ದಿನದ ಮಟ್ಟಿಗೆ ಕೊಡಲು ಸಹೋದ್ಯೋಗಿಯೊಬ್ಬರು ಒಪ್ಪಿದ್ದಾರೆ. ಬರುವ ಭಾನುವಾರ ಬೆಳಗಿನ ಜಾವ ಹೊರಡುವೆವು. ಚಕ್ರ ಹಿಡಿಯುವವನು ತಮ್ಮನೇ, ಗಡಿಯಾರ ತಂಗಿಯದು.